ಸಿಟ್‌ಅಪ್ ಮಾಡಿದರೆ ಸೊಂಟ ನೋವು ಜಾಸ್ತಿ ಆಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಮೇಡಂ ನಮಸ್ತೆ. ನನಗೆ 43 ವರ್ಷ, ಊರು ತಿಪಟೂರು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಯುಗಾದಿ ಹೊತ್ತಿಗೆ ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತು. ಒಂದು ವಾರಕ್ಕೆ ಕಮ್ಮಿಯಾಯಿತು. ಆದರೆ ಬಗ್ಗಿ ಕೆಲಸ ಮಾಡಿದಾಗೆಲ್ಲ ಮತ್ತೆ ಬರುತ್ತದೆ. ಕಾಲಿಗೆ ಇಳಿಯುವುದಿಲ್ಲ. ಹೊಟ್ಟೆ ಗಟ್ಟಿಯಾದರೆ ಬೆನ್ನು ಸರಿಹೋಗುತ್ತೆ ಅಂತ ಹೇಳಿದರು. ಯೂಟ್ಯೂಬ್ ನೋಡಿ, ಅಂಗಾತ ಮಲಗಿ ಎದ್ದು ಕೂರುವ ಸಿಟ್‌ಅಪ್ ಶುರು ಮಾಡಿದೆ, ನೋವು ಇನ್ನೂ ಜಾಸ್ತಿ! ಎಕ್ಸ್‌ರೇ ನೋಡಿ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಸವೆದಿದೆ ಅಂದಿದ್ದಾರೆ. ವ್ಯಾಯಾಮ ಬಿಟ್ಟುಬಿಡಲಾ?

ಉತ್ತರ (ಫಿಸಿಯೋಥೆರಪಿಸ್ಟ್): ವ್ಯಾಯಾಮ ಬಿಡಬೇಡಿ, ಸಿಟ್‌ಅಪ್ ಮಾತ್ರ ಬಿಡಿ. ಬಗ್ಗಿದರೆ ನೋಯುವ ಬೆನ್ನನ್ನು ಸಿಟ್‌ಅಪ್ ಮತ್ತೆ ಮತ್ತೆ ಬಗ್ಗಿಸುತ್ತದೆ, ಅಷ್ಟೇ ಆಗಿರುವುದು.

ಹೊಟ್ಟೆ ಗಟ್ಟಿ ಮಾಡಿ ಅನ್ನುವವರು ಹೇಳುವುದು ಕೋರ್ ಬಗ್ಗೆ. ಕೋರ್ ಅಂದರೆ ಬರೀ ಹೊಟ್ಟೆಯ ಮುಂಭಾಗ ಅಲ್ಲ. ಎರಡು ಪಕ್ಕೆ, ಹೊಟ್ಟೆಯ ಒಳಗೆ ಸುತ್ತುವರಿದಿರುವ ಸ್ನಾಯು, ಬೆನ್ನುಮೂಳೆಗೆ ಅಂಟಿಕೊಂಡ ಸಣ್ಣ ಸ್ನಾಯುಗಳು, ಮೇಲೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು), ಕೆಳಗೆ ಮೂತ್ರ ತಡೆಯುವ ಸ್ನಾಯುಗಳು, ಎಲ್ಲ ಸೇರಿ ಕೋರ್. ಕೈಕಾಲು ಆಡುವಾಗ ನಡುವನ್ನು ಅಲುಗಾಡದಂತೆ ಹಿಡಿಯುವುದು ಇವುಗಳ ಮುಖ್ಯ ಕೆಲಸ. ಹಾಗಾಗಿ ಹಿಡಿಯುವ ಅಭ್ಯಾಸವನ್ನೇ ಮಾಡಿಸಬೇಕು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನಿನ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ಸ್ಟುವರ್ಟ್ ಮ್ಯಾಕ್‌ಗಿಲ್ ಹೇಳುವ ಮೂರು ವ್ಯಾಯಾಮ ನಿಮಗೆ ಸಾಕು.

ಮೊದಲನೆಯದಕ್ಕೆ ಚಾಪೆಯ ಮೇಲೆ ಅಂಗಾತ ಮಲಗಿ. ಒಂದು ಮಂಡಿ ಮಡಚಿ, ಇನ್ನೊಂದು ಕಾಲು ನೇರ ಇರಲಿ. ಎರಡೂ ಅಂಗೈ ಸೊಂಟದ ಕೆಳಗೆ. ತಲೆ, ಭುಜ ನೆಲ ಬಿಡುವಷ್ಟು ಮಾತ್ರ ಎತ್ತಿ. ಸೊಂಟ ಅಂಗೈಯನ್ನು ಒತ್ತಬಾರದು. ಎರಡನೆಯದು ಮಗ್ಗುಲಾಗಿ ಮಲಗಿ, ಮೊಣಕೈ ಮತ್ತು ಮಂಡಿ ಊರಿ ಸೊಂಟ ಎತ್ತಿ ಹಿಡಿಯುವುದು. ಎರಡೂ ಮಗ್ಗುಲಿಗೆ ಮಾಡಿ.

ಮೂರನೆಯದು ನನಗೆ ತುಂಬ ಇಷ್ಟ. ಅಂಬೆಗಾಲಲ್ಲಿ ನಿಂತು ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ. ಆಮೇಲೆ ಬದಲಿಸಿ. ನೋಡೋಕೆ ಸುಲಭ. ಸೊಂಟದ ಮೇಲೆ ಒಂದು ಸ್ಟೀಲ್ ತಟ್ಟೆ ಇಟ್ಟುಕೊಂಡು ಮಾಡಿ ನೋಡಿ, ಕಷ್ಟ ಆಗ ಗೊತ್ತಾಗುತ್ತದೆ. ತಟ್ಟೆ ಜಾರಿದರೆ ಸೊಂಟ ಒಂದು ಕಡೆ ವಾಲಿದೆ ಅಂತ. ಕಾಲನ್ನು ಇನ್ನೂ ಸ್ವಲ್ಪ ಕೆಳಗೇ ಇಟ್ಟು ಮತ್ತೆ ಪ್ರಯತ್ನಿಸಿ.

ಒಂದೊಂದನ್ನೂ 10 ಸೆಕೆಂಡ್ ಹಿಡಿದರೆ ಸಾಕು. ಬಾಯಿಬಿಟ್ಟು ಎಣಿಸಿ, ಆಗ ಉಸಿರು ಕಟ್ಟುವುದಿಲ್ಲ. ಮೊದಲು 6 ಸಲ, ಸ್ವಲ್ಪ ಸುಧಾರಿಸಿಕೊಂಡು 4, ಆಮೇಲೆ 2. ಆಗದಿದ್ದರೆ ಕಮ್ಮಿಯಿಂದ ಶುರು ಮಾಡಿ. ನೋವು ಏರುತ್ತಾ ಹೋದರೆ ನಿಲ್ಲಿಸಿ ತೋರಿಸಿ.

ಎದ್ದ ಕೂಡಲೇ ಮಾತ್ರ ಬೇಡ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ. ಬೆಳಿಗ್ಗೆ ಮೊದಲ ಒಂದು ಗಂಟೆ ಬಗ್ಗಿದರೆ ಅದರ ಮೇಲೆ ಒತ್ತಡ ಜಾಸ್ತಿ. ನಮ್ಮ ಹೆಣ್ಣುಮಕ್ಕಳು ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕುವುದು ಸರಿಯಾಗಿ ಅದೇ ಹೊತ್ತಿನಲ್ಲಿ! ರಂಗೋಲಿ ಬಿಡಿ ಅನ್ನಲ್ಲ. ಮೊದಲು ಕಾಫಿ ಮಾಡಿಕೊಂಡು ಕುಡಿದು ಓಡಾಡಿ. ಆಮೇಲೆ ಮಣೆ ಹಾಕಿಕೊಂಡು ಕೂತು ರಂಗೋಲಿ ಹಾಕಿ. ಪೊರಕೆಗೆ ಉದ್ದದ ಹಿಡಿ ಹಾಕಿಸಿ. ತುಂಬಿದ ಸಿಲಿಂಡರ್ ಹತ್ತಿರ ಹತ್ತಿರ 30 ಕೆಜಿ ಇರುತ್ತದೆ. ತರುವವರ ಕೈಯಲ್ಲೇ ಅಡುಗೆಮನೆಗೆ ಇಡಿಸಿ, ಚಕ್ರದ ಸ್ಟ್ಯಾಂಡ್ ತಗೊಳ್ಳಿ. ಹೊಲಿಗೆ ಮಿಷನ್ನಿನಿಂದ ಅರ್ಧ ಗಂಟೆಗೊಮ್ಮೆ ಏಳಿ.

ಎಕ್ಸ್‌ರೇ ಬಗ್ಗೆ ಹೆದರಬೇಡಿ. ನೋವೇ ಇಲ್ಲದ 50 ವರ್ಷದವರನ್ನು ಸ್ಕ್ಯಾನ್ ಮಾಡಿದರೂ ಸುಮಾರು 80% ಜನರಲ್ಲಿ ಡಿಸ್ಕ್ ಸವೆತ ಕಾಣುತ್ತದೆ.

ಪ್ರಶ್ನೆ: ಮೇಡಂ, ನನಗೂ ಇದೇ ತೊಂದರೆ. ಸೊಂಟದ ಬೆಲ್ಟ್ ಕಟ್ಟಿಕೊಂಡರೆ ಸಾಕಲ್ವಾ? ಇಷ್ಟೆಲ್ಲ ಮಾಡಲು ಟೈಮ್ ಎಲ್ಲಿ?

ಉತ್ತರ: ತುಂಬ ನೋವಿದ್ದಾಗ ಒಂದೆರಡು ದಿನ ಕಟ್ಟಿಕೊಂಡರೆ ಹಾಯೆನಿಸಬಹುದು. ನೋವು ಮತ್ತೆ ಬರದಂತೆ ಅದು ತಡೆಯುವುದಿಲ್ಲ. ಟೈಮ್ ಇಲ್ಲದಿದ್ದರೆ ನಡೆಯಿರಿ. ಆಸ್ಟ್ರೇಲಿಯಾದಲ್ಲಿ ಬೆನ್ನು ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರ ಮೇಲೆ ಮಾಡಿದ ಅಧ್ಯಯನ 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನಡಿಗೆ ರೂಢಿ ಮಾಡಿಕೊಂಡ ಗುಂಪಿನಲ್ಲಿ ಅರ್ಧದಷ್ಟು ಜನರಿಗೆ ನೋವು ಮರಳುವಷ್ಟರಲ್ಲಿ 208 ದಿನ ಕಳೆದಿತ್ತು, ಉಳಿದವರಲ್ಲಿ 112. ವಾರಕ್ಕೆ ಐದು ದಿನ, ಅರ್ಧ ಗಂಟೆ ನಡಿಗೆ ಅವರ ಗುರಿ. ಸ್ವಲ್ಪದರಿಂದ ಶುರು ಮಾಡಿ ಅಲ್ಲಿಗೆ ಮುಟ್ಟಿ. ಸಂತೆಗೆ ನಡೆದುಹೋದರೆ ಅದೂ ಲೆಕ್ಕಕ್ಕೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಸೊಂಟದಿಂದ ಎರಡೂ ಕಾಲಿಗೆ ನೋವು. ನಿನ್ನೆಯಿಂದ ಕೂರುವ ಜಾಗ ಜೋಮು ಹಿಡಿದ ಹಾಗಿದೆಯಂತೆ, ಮೂತ್ರ ಸರಿಯಾಗಿ ಬರುತ್ತಿಲ್ಲ. ಈ ವ್ಯಾಯಾಮ ಮಾಡಿಸಲಾ ಅಕ್ಕ?

ಉತ್ತರ: ಬೇಡಮ್ಮ, ಯಾವುದನ್ನೂ ಮಾಡಿಸಬೇಡಿ. ಈಗಲೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ನರಗಳ ಗೊಂಚಲು ಒತ್ತಿಕೊಂಡಿರಬಹುದು. ತಡವಾದರೆ ಮೂತ್ರದ ಹಿಡಿತ, ಕಾಲಿನ ಶಕ್ತಿ ವಾಪಸ್ ಬರುವುದು ಕಷ್ಟ. ಜೋಮು ಮತ್ತು ಮೂತ್ರದ ವಿಷಯವನ್ನು ಅಲ್ಲಿ ಮೊದಲೇ ಹೇಳಿ. ಬರೀ ಸೊಂಟ ನೋವು ಅಂದರೆ ಕಾಯಿಸಿಬಿಡುತ್ತಾರೆ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ.