ಡಬ್ಬಿಗಿಳಿದ ಧಾರಾವಾಹಿ

"ನಮ್ಮ ಸಾವಿರ ಕಂತಿನ ಧಾರಾವಾಹಿಗಳನ್ನ ಡಿವಿಡಿ ಮಾಡಿ ಯಾಕೆ ಮಾರಲಿಲ್ಲ?" ಅಂತ ಸುಬ್ಬು ಕೇಳಿದ್ದೇ ತಡ, ಅನಂತು ಫೋನು ತೆಗೆದು ಲೆಕ್ಕಕ್ಕೆ ಕೂತ.

"ಕಂತಿಗೆ 22 ನಿಮಿಷ ಹಿಡಿ. ಸಾವಿರಕ್ಕೆ 22,000 ನಿಮಿಷ. ಎರಡು ಪದರದ ಡಿವಿಡಿಯಲ್ಲಿ 8.5 ಜಿಬಿ ಜಾಗ. ಚಿತ್ರ ಚೆನ್ನಾಗಿರಬೇಕು ಅಂದ್ರೆ ಒಂದಕ್ಕೆ ಮೂರು ಗಂಟೆಗಿಂತ ಹೆಚ್ಚು ತುಂಬೋ ಹಾಗಿಲ್ಲ. ಅಲ್ಲಿಗೆ 123 ಡಿಸ್ಕು."

"ಅದರಲ್ಲಿ ನಲವತ್ತು ಬರೀ ಅತ್ತೆ ಮುಖಕ್ಕೆ ಮೂರು ಮೂರು ಸಲ ಝೂಮ್ ಹೋಗಿದ್ದು," ಅಂದಳು ವನಜಾ.

"ಅಮೆರಿಕದವರದ್ದು ಆಗ ವರ್ಷಕ್ಕೆ 22, 24 ಕಂತು ಮಾತ್ರ ಮಾರಾಯ, ಅದೇ ಒಂದು ಸೀಸನ್," ಅಂದರು ಕಾಮತರು. "ಅಷ್ಟಕ್ಕೇ ಅವರು ವಿಎಚ್‌ಎಸ್ ಟೇಪಿನ ಕಾಲದಲ್ಲಿ ಒದ್ದಾಡಿದ್ರು. ಟಿ-120 ಕ್ಯಾಸೆಟ್‌ನಲ್ಲಿ ಒಳ್ಳೆ ಸ್ಪೀಡಲ್ಲಿ ಹಾಕಿದ್ರೆ ಎರಡೇ ಗಂಟೆ. ಜಾಹೀರಾತು ತೆಗೆದ್ರೆ ಕಂತು ಮುಕ್ಕಾಲು ಗಂಟೆ. ಕ್ಯಾಸೆಟ್ಟಿಗೆ ಎರಡು ಕಂತು, ಅರ್ಧ ಗಂಟೆ ಟೇಪು ದಂಡ. ಒಂದು ಸೀಸನ್ನಿಗೆ 12 ಕ್ಯಾಸೆಟ್! ಯಾವ ಅಂಗಡಿಯವ ಇಟ್ಟುಕೊಳ್ತಾನೆ?"

"ನಿಧಾನದ ಸ್ಪೀಡಲ್ಲಿ ಹಾಕಬಹುದಿತ್ತಲ್ಲ, ಕಾಮತ್ರೇ?"

"ಹಾಕಿದ್ರೆ ಆರು ಗಂಟೆ, ಎಂಟು ಕಂತು ಹಿಡೀತದೆ. ಆದ್ರೆ ಟೇಪು ಮೂರನೇ ಒಂದು ಪಾಲು ವೇಗದಲ್ಲಿ ಓಡೋದು. ಚಿತ್ರ ಮಸುಕು, ಬೇರೆ ವಿಸಿಆರ್‌ಗೆ ಹಾಕಿದ್ರೆ ಅಡ್ಡಗೆರೆ. ನಾಯಕ ಯಾರು, ಖಳನಾಯಕ ಯಾರು ಅಂತ ದನಿಯಲ್ಲೇ ಗುರುತು ಹಿಡೀಬೇಕು. ಅದಕ್ಕೇ 2000ದಲ್ಲಿ 'ದಿ ಎಕ್ಸ್-ಫೈಲ್ಸ್' ಮೊದಲ ಸೀಸನ್ ಪೂರ್ತಿ, 24 ಕಂತು 7 ಡಿವಿಡಿಯಲ್ಲಿ ಬಂದಾಗ, ಸುಮಾರು 150 ಡಾಲರ್ ಇದ್ರೂ ಜನ ಕೊಂಡ್ರು."

"ಏಳೇ ಯಾಕೆ? ಐದರಲ್ಲಿ ತುರುಕಿದ್ರೆ ಖರ್ಚು ಉಳೀತಿತ್ತು," ಅಂದ ಸುಬ್ಬು.

ಅನಂತುಗೆ ಅದೇ ಬೇಕಿತ್ತು. "ತುರುಕಿ ನೋಡು. ಡಿಸ್ಕಿಗೆ ನಾಲ್ಕು ಕಂತಾದ್ರೆ ಚಿತ್ರ, ಧ್ವನಿ ಎಲ್ಲಾ ಸೇರಿ ಸೆಕೆಂಡಿಗೆ 6.3 ಮೆಗಾಬಿಟ್ ಮಾಹಿತಿಗೆ ಜಾಗ ಸಿಗುತ್ತೆ. ಆರು ಕಂತಾದ್ರೆ 4.2. ಇಬ್ಬರು ಕೂತು ಮಾತಾಡೋ ದೃಶ್ಯಕ್ಕೆ ಅದು ಸಾಕು. ಮಳೆ, ಹೊಗೆ, ಕತ್ತಲಲ್ಲಿ ಟಾರ್ಚು ಬಂತೋ, ಪರದೆ ತುಂಬಾ ಚೌಕ ಚೌಕ. ಆ ಧಾರಾವಾಹಿಯಲ್ಲಿ ಕತ್ತಲು, ಟಾರ್ಚು ಬಿಟ್ರೆ ಇನ್ನೇನಿದೆ? ಇನ್ನೊಂದು ಫಜೀತಿ, ಒಂದು ಪದರದಿಂದ ಇನ್ನೊಂದಕ್ಕೆ ಹೋಗುವಾಗ ಲೇಸರ್ ಮತ್ತೆ ಫೋಕಸ್ ಮಾಡ್ಕೋಬೇಕು. ಹಳೇ ಪ್ಲೇಯರಲ್ಲಿ ಚಿತ್ರ ಅರೆಗಳಿಗೆ ಹಾಗೇ ನಿಲ್ಲುತ್ತೆ. ಆ ತಿರುವನ್ನ ಎರಡನೇ, ಮೂರನೇ ಕಂತಿನ ನಡುವೆ ಇಟ್ರೆ ಯಾರಿಗೂ ಗೊತ್ತಾಗಲ್ಲ. ಆದ್ರೆ ಮೊದಲ ಪದರ ಎರಡನೆಯದಕ್ಕಿಂತ ಚಿಕ್ಕದಿರೋ ಹಾಗಿಲ್ಲ. ಮೊದಲೆರಡು ಕಂತು ಹಗುರ ಇದ್ರೆ ತಿರುವು ಮೂರನೇ ಕಂತಿನೊಳಗೇ ಬೀಳುತ್ತೆ. ಆಗ ಜಾಹೀರಾತಿಗೆ ಅಂತ ಪರದೆ ಕಪ್ಪಾಗೋ ಜಾಗ ಹುಡುಕಿ ಅಲ್ಲಿಡಬೇಕು. ಸೋಮಾರಿಗಳು ಸಾಫ್ಟ್‌ವೇರ್ ಹೇಳಿದ ಕಡೆ ಬಿಟ್ಟುಬಿಡ್ತಾರೆ. ನಾಯಕಿ 'ನಾನು ನಿನ್ನ...' ಅಂತ ಬಾಯಿ ತೆರೆದವಳು ಹಾಗೇ ನಿಂತಿರ್ತಾಳೆ."

"ಮೆನು ಮಾಡೋರನ್ನ ಬಿಟ್ಯಲ್ಲ! ಕೊನೇ ಕಂತಲ್ಲಿ ಸಾಯೋನ ಹೆಣವನ್ನೇ ಮೊದಲ ಡಿಸ್ಕಿನ ಮೆನುವಿಗೆ ಹಾಕೋ ಮಹಾನುಭಾವರು ಇದಾರೆ," ಅಂದಳು ವನಜಾ. "ಶೀರ್ಷಿಕೆ ಗೀತೆ ಮುಗಿದ ತಕ್ಷಣ, ಬಟನ್ ಒತ್ತಿ ಅಲ್ಲಿಗೆ ಹಾರೋಕೆ, ಒಂದು ಚಾಪ್ಟರ್ ಗುರುತು ಹಾಕಲ್ಲ, ನಾಲ್ಕು ಕಂತಿಗೆ ನಾಲ್ಕು ಸಲ ಅದೇ ಹಾಡು ಕೇಳಿ ಸಾಯಬೇಕು. ಇಷ್ಟಾದ್ರೂ ಇವೆಲ್ಲ ಸಣ್ಣ ರೋಗ. ದೊಡ್ಡ ರೋಗ ಹಾಡಿನದ್ದು. ಹಿನ್ನೆಲೆಗೆ ಜನಪ್ರಿಯ ಹಾಡು ಹಾಕಿದಾಗ ಬರೀ ಪ್ರಸಾರದ ಹಕ್ಕು ಕೊಂಡಿರ್ತಾರೆ, ಅದೂ ಇಂತಿಷ್ಟು ವರ್ಷಕ್ಕೆ. ಡಿಸ್ಕು ಮಾರೋಕೆ ಮತ್ತೆ ಎರಡು ಅನುಮತಿ ಬೇಕು. ಹಾಡು ಬರೆದು ರಾಗ ಹಾಕಿದವರದ್ದು ಒಂದು, ಆ ರೆಕಾರ್ಡಿಂಗ್ ಯಾರ ಕೈಲಿದೆಯೋ ಅವರದ್ದು ಇನ್ನೊಂದು. ಒಬ್ಬ ಒಪ್ಪಿ ಇನ್ನೊಬ್ಬ ಒಲ್ಲೆ ಅಂದ್ರೆ ಹಾಡು ಹೋಯ್ತು. 1993ರಲ್ಲಿ ಮುಗಿದ 'ದಿ ವಂಡರ್ ಇಯರ್ಸ್' ಪೂರ್ತಿಯಾಗಿ ಡಿವಿಡಿಗೆ ಬಂದಿದ್ದು 2014ರಲ್ಲಿ."

"ಮೂಗಿಗಿಂತ ಮೂಗುತಿ ಭಾರ," ಅಂದ ಸುಬ್ಬು. "ಬೇರೆ ಹಾಡು ಹಾಕಿದ್ರಾಯ್ತು."

"ಹೇಗೆ ಹಾಕ್ತೀಯೋ? ಮಾತು, ಹಾಡು ಬೇರೆ ಬೇರೆ ಟ್ರ್ಯಾಕಲ್ಲಿ ಉಳಿಸಿದ್ರೆ ಸರಿ. ಎರಡೂ ಒಂದರಲ್ಲೇ ಬೆರೆತಿದ್ರೆ ಹಾಡಿನ ಜೊತೆ ಮಾತೂ ಹೋಗುತ್ತೆ. ಆಮೇಲೆ ಬೇರೆಯವರಿಂದ ಡಬ್ಬಿಂಗು, ಇಲ್ಲಾ ದೃಶ್ಯಕ್ಕೇ ಕತ್ತರಿ."

"ಕತ್ತರಿ ಏನು ಬಂತು, ಇಡೀ ಕಂತೇ ಇಲ್ಲದ ಡಬ್ಬಿ ಮಾರಿದ್ದಾರೆ!" ಕಾಮತರು ಕುರ್ಚಿ ಮುಂದಕ್ಕೆಳೆದರು. "'ಟ್ವಿನ್ ಪೀಕ್ಸ್' ಮೊದಲ ಸೀಸನ್ 2001ರಲ್ಲಿ ಅಮೆರಿಕದಲ್ಲಿ ಡಿವಿಡಿ ಆಯ್ತು. ಪೈಲಟ್, ಅಂದ್ರೆ ಮೊಟ್ಟಮೊದಲ ಕಂತೇ ಇಲ್ಲ, ಅದರ ಹಕ್ಕು ಬೇರೆ ಕಂಪನಿ ಕೈಲಿತ್ತು. ಹುಡುಗಿಯ ಹೆಣ ಸಿಗೋದೇ ಆ ಕಂತಿನಲ್ಲಿ ಮಾರಾಯ! ಕೊಲೆ ಆಗಿದ್ದೇ ಕಾಣದೆ ತನಿಖೆ ನೋಡ್ಬೇಕು. ಎಲ್ಲ ಒಟ್ಟಿಗೆ ಸಿಕ್ಕಿದ್ದು 2007ರಲ್ಲಿ."

"ತದ್ವಿರುದ್ಧವೂ ಉಂಟಲ್ಲ ಕಾಮತ್ರೇ," ಅಂದ ಅನಂತು. "'ಫೈರ್‌ಫ್ಲೈ' 14 ಕಂತು ಮಾಡಿದ್ರು. 2002ರಲ್ಲಿ ಚಾನೆಲ್ಲಿನವರು 11 ಮಾತ್ರ ತೋರಿಸಿದ್ರು, ಅದೂ ಹಿಂದುಮುಂದು. ಮೊದಲನೇದನ್ನ ಕೊನೆಗೆ! 2003ರ ಡಿಸೆಂಬರಲ್ಲಿ ಡಿವಿಡಿ ಬಂತು, 14ಕ್ಕೆ 14, ಸರಿಯಾದ ಕ್ರಮದಲ್ಲಿ. ಚೆನ್ನಾಗಿ ಮಾರಾಟ ಆಗಿ, 2005ಕ್ಕೆ ಸಿನಿಮಾನೇ ಬಂತು. ಟಿವಿಯಲ್ಲಿ ಸೋತಿದ್ದು ಡಬ್ಬಿಯಲ್ಲಿ ಗೆದ್ದಿತು."

"ಗೆಲ್ಲೋಕೆ ಮುಹೂರ್ತವೂ ಮುಖ್ಯ," ಅಂದಳು ವನಜಾ. "ಅಲ್ಲಿ ಹೊಸ ಸೀಸನ್ ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಶುರು. ಹಳೇ ಸೀಸನ್ನಿನ ಡಬ್ಬಿ ಅದಕ್ಕೆ ಕೆಲವು ವಾರ ಮುಂಚೆ ಅಂಗಡಿಗೆ ಬರ್ಬೇಕು. ಕಥೆ ತಪ್ಪಿಸಿಕೊಂಡವರು ಡಬ್ಬಿ ಕೊಂಡು ನೋಡಿ ಟಿವಿ ಮುಂದೆ ಕೂರ್ತಾರೆ, ಕಂಪನಿಗೆ ಎರಡೂ ಕಡೆ ಲಾಭ. ತಡವಾಗಿ ತಂದ್ರೆ ಅವರು ಅಷ್ಟೊತ್ತಿಗೆ ಬೇರೆ ಧಾರಾವಾಹಿ ಹಿಡಿದಿರ್ತಾರೆ."

"ಬೆಲೆನೂ ಇಳಿಸ್ಬೇಕು," ಅಂದ ಸುಬ್ಬು. "2007ರಲ್ಲಿ ನಮ್ಮಲ್ಲಿ ಮೋಸರ್ ಬೇಯರ್‌ನವರು ಸಿನಿಮಾ ವಿಸಿಡಿ 28 ರೂಪಾಯಿಗೆ, ಡಿವಿಡಿ 34ಕ್ಕೆ ಇಟ್ರಲ್ಲ, ಹಾಗೆ. ಫುಟ್‌ಪಾತ್ ಕಳ್ಳಪ್ರತಿಯವನೇ ದರ ನೋಡಿ ಬೆಚ್ಚಿಬಿದ್ದಿರ್ತಾನೆ."

"ಸರಿ, ಬರೆದವನಿಗೆ ಎಷ್ಟು ಸಿಗುತ್ತೆ?" ವನಜಾ ಕಾಮತರ ಕಡೆ ತಿರುಗಿದಳು.

"ಅಮೆರಿಕದ ಲೆಕ್ಕ ಕೇಳಿ ನಗಬೇಡ. ಸಗಟು ಮಾರಾಟದಲ್ಲಿ ನೂರಕ್ಕೆ 80 ಪಾಲು ಮೊದಲೇ ಕಂಪನಿಯವರು ಪಕ್ಕಕ್ಕಿಡ್ತಾರೆ. ಉಳಿದ 20ರಲ್ಲಿ ಬರೆದವನಿಗೆ ಶೇಕಡಾ 1.5, ಆ ಲೆಕ್ಕ ಹತ್ತು ಲಕ್ಷ ಡಾಲರ್ ದಾಟಿದ ಮೇಲೆ 1.8. ಸಗಟು ಬೆಲೆ 15 ಡಾಲರ್ ಇರೋ ಡಬ್ಬಿಗೆ ನಾಲ್ಕೂವರೆ ಸೆಂಟು."

"ಡಿಸ್ಕು ಕಚ್ಚಿಕೊಳ್ಳೋ ಪ್ಲಾಸ್ಟಿಕ್ ಹಲ್ಲಿಗೇ ಅದಕ್ಕಿಂತ ಜಾಸ್ತಿ ಇರ್ಬೇಕು," ಅಂದ ಅನಂತು. "ಅದೂ ಸಾಗಾಟದಲ್ಲೇ ಮುರಿದು, ಡಬ್ಬಿ ಅಲ್ಲಾಡಿಸಿದ್ರೆ ಗಿಲಿಗಿಲಿ ಅನ್ನುತ್ತೆ."

"ದುಪ್ಪಟ್ಟು ಕೊಡಿ ಅಂತ ಅಲ್ಲಿನ ಬರಹಗಾರರ ಸಂಘ 2007ರಲ್ಲಿ ಪಟ್ಟು ಹಿಡೀತು," ಅಂದರು ಕಾಮತರು. " ಮುಷ್ಕರದ ಹಿಂದಿನ ದಿನ ಆ ಬೇಡಿಕೆಯನ್ನೇ ಕೈಬಿಟ್ರು."

"ಯಾಕೆ?"

"ಅಷ್ಟೊತ್ತಿಗೆ ಜಗಳ ಇಂಟರ್ನೆಟ್ಟಿನ ಪಾಲಿನ ಮೇಲೆ ಹೋಗಿತ್ತು. ಡಬ್ಬಿಯ ಲೆಕ್ಕ ಹಾಗೇ ಉಳೀತು."

"ಅದೇ ನಾಲ್ಕೂವರೆ?"

"ಅದೇ ನಾಲ್ಕೂವರೆ ಮಾರಾಯ."