ತಮ್ಮನನ್ನು ಬೀದಿಯಲ್ಲಿ ಅಣಕಿಸುತ್ತಾರೆ, ಏನು ಮಾಡಲಿ?

ವಿಜಯನಗರದ ಅಕ್ಕ ಕೇಳಿದ್ದು:

ನನ್ನ ತಮ್ಮನಿಗೆ 23 ವರ್ಷ. ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ ಇದೆ. ನಡೆಯುವಾಗ ಓಲಾಡುತ್ತಾನೆ, ಮಾತು ನಿಧಾನ, ಬುದ್ಧಿ ಚುರುಕು. ಸಂಜೆ ಹಾಲು ತರುವುದು ಅವನದೇ ಕೆಲಸ, ಅದು ಅವನಿಗೆ ಇಷ್ಟ. ಈಗೀಗ ಬೇಕರಿ ಮುಂದೆ ನಿಲ್ಲುವ ಹುಡುಗರು ಅವನ ಹಾಗೇ ನಡೆದು ತೋರಿಸಿ ನಗುತ್ತಾರೆ. ಹೋದ ವಾರ ವಿಡಿಯೊ ಮಾಡಿ ವಾಟ್ಸಾಪ್ ಸ್ಟೇಟಸ್‌ಗೂ ಹಾಕಿದರು. ಪಕ್ಕದ ಮನೆಯವರು, "ಅವನನ್ನ ಹೊರಗೆ ಯಾಕೆ ಕಳಿಸ್ತೀರಾ, ನೀವೇ ತಂದ್ರೆ ಆಯ್ತಲ್ಲ" ಅನ್ನುತ್ತಾರೆ. ಇಂಥದ್ದನ್ನು ಕಂಡವರು ಏನು ಮಾಡಿದಿರಿ, ಹೇಳಿ.

ಬಸವನಗುಡಿಯ ಒಬ್ಬ ತಂದೆ:

ಹಾಲು ತರುವುದನ್ನು ಮಾತ್ರ ನಿಲ್ಲಿಸಬೇಡಮ್ಮ. ತಪ್ಪು ಮಾಡಿದವರು ಬೀದಿಯಲ್ಲಿ, ಏನೂ ಮಾಡದವನು ಮನೆಯಲ್ಲಿ, ಇದು ಯಾವ ನ್ಯಾಯ?

ನನ್ನ ಮಗಳಿಗೆ ಡೌನ್ ಸಿಂಡ್ರೋಮ್ ಇದೆ. ಅವಳಿಗೂ ಅಂಗಡಿಗೆ ಹೋಗುವ ಹುಚ್ಚು. ನಮ್ಮ ರಸ್ತೆಯಲ್ಲೂ ರೇಗಿಸುವವರಿದ್ದರು. ಹುಡುಗರ ಜೊತೆ ಜಗಳಕ್ಕೆ ಹೋಗದೆ ನಾನು ನೇರವಾಗಿ ಕಾಂಡಿಮೆಂಟ್ಸ್ ಅಂಗಡಿಯವರ ಹತ್ತಿರ ಹೋದೆ. ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತು ನೋಡಿಕೊಂಡು, ಮಗಳನ್ನೂ ಕರೆದುಕೊಂಡು ಹೋದೆ. "ಇವಳು ದಿನಾ ಬರ್ತಾಳೆ. ನಿಮ್ಮ ಅಂಗಡಿ ಮುಂದೆ ಹೀಗಾಗ್ತಿದೆ. ನಿಮ್ಮ ಮಾತು ಅವರು ಕೇಳ್ತಾರೆ" ಅಂದೆ. ಅಷ್ಟೇ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ, ಕೊನೆಗೆ "ನೋಡ್ಕೋತೀನಿ ಸಾರ್" ಅಂದರು. ಆಮೇಲೆ ಅವಳು ಹೋದಾಗೆಲ್ಲ ಗಲ್ಲಾದಿಂದಲೇ ಜೋರಾಗಿ ಹೆಸರು ಹಿಡಿದು ಕರೆಯುತ್ತಿದ್ದರು: "ಬಾಮ್ಮಾ, ಇವತ್ತು ಬೆಣ್ಣೆ ಬಿಸ್ಕತ್ತಾ, ಖಾರಾ ಬಿಸ್ಕತ್ತಾ?" ಯಾರೋ ಒಬ್ಬ ಹಲ್ಲು ಕಿರಿದಾಗ, "ನನ್ನ ಗಿರಾಕಿ ಕಣೋ. ಇಲ್ಲಿ ನಿಲ್ಲೋದಾದ್ರೆ ಬಾಯಿ ನೆಟ್ಟಗಿರಬೇಕು" ಅಂದರಂತೆ. ರೇಗಿಸುವುದು ಒಂದೇ ದಿನಕ್ಕೆ ನಿಲ್ಲಲಿಲ್ಲ, ಆದರೆ ನಿಂತಿತು. ಹುಡುಗರಿಗೆ ಧೈರ್ಯ ಬರುವುದು ಸುತ್ತ ನಿಂತ ದೊಡ್ಡವರು ಸುಮ್ಮನಿದ್ದಾಗ. ಹಾಲಿನ ಬೂತಿನವರು, ಇಸ್ತ್ರಿ ಅಂಗಡಿಯವರು, ಆಟೋ ಸ್ಟ್ಯಾಂಡಿನವರು, ಒಬ್ಬೊಬ್ಬರನ್ನೇ ಮಾತಾಡಿಸಿ.

ರಾಜಾಜಿನಗರದಿಂದ, ಕಾಲಿಗೆ ಕ್ಯಾಲಿಪರ್ (ಆಸರೆಯ ಕಬ್ಬಿಣದ ಪಟ್ಟಿ) ಹಾಕುವ ಒಬ್ಬರು:

ಮೇಡಂ, ನಿಮ್ಮ ತಮ್ಮನನ್ನು ಕೇಳಿದಿರಾ? ನಿಮ್ಮ ಮಾತಿನಲ್ಲಿ ಅವರಿಗೆ ಏನು ಬೇಕು ಅನ್ನುವುದು ಕಾಣಲಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ನನಗೆ ಪೋಲಿಯೊ. ಚಿಕ್ಕವನಿದ್ದಾಗ "ಕುಂಟ" ಅಂದವರಿಗೆ ನಮ್ಮಣ್ಣ ಹೋಗಿ ಎರಡು ಬಿಗಿಯುತ್ತಿದ್ದ. ಮಾರನೇ ದಿನ ಅವನಿಲ್ಲದ ಹೊತ್ತು ನೋಡಿ ಅದರ ಸೇಡು ನನ್ನ ಮೇಲೆ ತೀರುತ್ತಿತ್ತು. ಅಣ್ಣನ ಪ್ರೀತಿ ದೊಡ್ಡದು, ಪೆಟ್ಟು ತಿಂದವನು ನಾನು. ನಿಮ್ಮ ತಮ್ಮನಿಗೆ 23 ವರ್ಷ. ಅಕ್ಕ ಬಂದು ಮಾತಾಡಬೇಕೋ, ಜೊತೆಗೆ ಸುಮ್ನೆ ನಡೆದು ಬರಬೇಕೋ, ದೂರು ಕೊಡಬೇಕೋ, ಅವರೇ ಹೇಳಲಿ. ಮಾತು ನಿಧಾನ ಅಂದಿರಿ, ಹಾಗಾದರೆ ಚಿಕ್ಕದೊಂದು ಮಾತು ಮನೆಯಲ್ಲೇ ಗಟ್ಟಿ ಮಾಡಿಕೊಳ್ಳಲಿ. "ವಿಡಿಯೊ ಬೇಡ" ಸಾಕು.

ಇನ್ನೊಂದು. ಬಿಎಂಟಿಸಿ ಬಸ್ಸಿನಲ್ಲಿ ವಿಕಲಚೇತನರಿಗೆ ಮೀಸಲಾದ ಸೀಟಿನಲ್ಲಿ ಕೂತವರು, "ನೋಡಿದ್ರೆ ಚೆನ್ನಾಗೇ ಇದೀರಲ್ಲ" ಅಂತ ನನ್ನ ಪ್ಯಾಂಟಿನ ಕಡೆ ಕಣ್ಣು ಹಾಕುತ್ತಾರೆ. ಕಬ್ಬಿಣ ಕಾಣಲಿ ಅಂತ ಪ್ಯಾಂಟು ಎತ್ತಿ ತೋರಿಸಬೇಕಾ? ಇದನ್ನು ಯಾರೂ ಕ್ರೌರ್ಯ ಅನ್ನುವುದಿಲ್ಲ. ನನಗೆ ಮಾತ್ರ ಬೇಕರಿ ಹುಡುಗರ ನಗುವಿಗಿಂತ ಇದೇ ಜಾಸ್ತಿ ನೋವು ಕೊಡುತ್ತದೆ.

ಗಿರಿನಗರದ ಒಬ್ಬ ತಾಯಿ:

ನನ್ನ ಮಗನಿಗೆ ಆಟಿಸಂ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ "ಆ ಹುಡುಗನನ್ನು ಪಾರ್ಕಿಗೆ ಬಿಡಬೇಡಿ" ಅಂತ ಮೆಸೇಜ್ ಬಂದಿತ್ತು. ಅದೇ ಗ್ರೂಪಿನಲ್ಲಿ ಉತ್ತರ ಕೊಟ್ಟೆ. ಓದಿದ ಇಬ್ಬರು ತಾಯಂದಿರು ಮಕ್ಕಳನ್ನು ಕರೆದುಕೊಂಡು ಮನೆಗೇ ಬಂದರು. ಮುಚ್ಚಿಡಬೇಡಿ ಅಕ್ಕ.

ಮಲ್ಲೇಶ್ವರದ ಒಬ್ಬ ವಕೀಲೆ:

ಮೊದಲು ಸ್ಟೇಟಸ್ ವಿಷಯ. ಅದು 24 ಗಂಟೆಗೆ ಮಾಯವಾಗುತ್ತದೆ. ನೋಡಿದವರ ಹತ್ತಿರ ಸ್ಕ್ರೀನ್‌ಶಾಟ್ ಅಥವಾ ವಿಡಿಯೊ ಇದ್ದರೆ ತಾರೀಕಿನ ಸಮೇತ ಇಟ್ಟುಕೊಳ್ಳಿ. ಮತ್ತೆ ಹಾಕಿದರೆ ಕಾಣುತ್ತಿದ್ದಂತೆಯೇ ತೆಗೆದಿಡಿ.

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಅದರ 92ನೇ ಸೆಕ್ಷನ್ ಓದಿಕೊಳ್ಳಿ. ನಾಲ್ಕು ಜನ ನೋಡುವ ಜಾಗದಲ್ಲಿ, ಅವಮಾನ ಮಾಡಬೇಕು ಅಂತಲೇ ವಿಕಲಚೇತನರನ್ನು ಹೀಯಾಳಿಸಿದರೆ ಅಥವಾ ಬೆದರಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ. ಸ್ಟೇಷನ್ನಿನಲ್ಲಿ "ಹುಡುಗ್ರು ತಮಾಷೆ ಮಾಡಿದ್ದಾರೆ, ಬಿಡಿ" ಅಂದರೆ ಈ ಸೆಕ್ಷನ್ ಹೆಸರು ಬರೆದೇ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಅಲ್ಲೂ ಕೆಲಸ ಆಗದಿದ್ದರೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ಬರೆಯಬಹುದು.

ವಿಜಯನಗರದ ಅಕ್ಕ:

ತಮ್ಮನನ್ನು ಕೇಳಿದೆ. "ವಿಡಿಯೊ ಅಳಿಸ್ಬೇಕು, ಹಾಲು ನಾನೇ ತರ್ತೀನಿ" ಅಂದ. ಮೇಡಂ, ಆ ಹುಡುಗರಲ್ಲಿ ಇಬ್ಬರು ಇನ್ನೂ ಪಿಯುಸಿ. ಕೇಸು ಅಂದರೆ ಭಯ. ವಕೀಲರಿಗೆ ಕೊಡಲು ದುಡ್ಡೂ ಇಲ್ಲ.

ಮಲ್ಲೇಶ್ವರದ ವಕೀಲೆ:

18 ತುಂಬದವರಾದರೆ ವಿಷಯ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ನನ್ನ ಕೇಳಿದರೆ, ಮೊದಲು ಬೇಕರಿಯವರನ್ನು ಕರೆದುಕೊಂಡು ಅವರ ಅಪ್ಪ-ಅಮ್ಮನ ಮುಂದೆ ಕೂತು ಮಾತಾಡಿ, ವಿಡಿಯೊ ಅಲ್ಲೇ ಅಳಿಸಲಿ. ನಿಮ್ಮ ಪ್ರತಿ ನಿಮ್ಮ ಹತ್ತಿರವೇ ಇರಲಿ. ಮತ್ತೆ ಮಾಡಿದರೆ ಆಗ ದೂರು. ಕೈ ಮಾಡಿದರೆ ಮಾತ್ರ ಕಾಯಬೇಡಿ, ತಕ್ಷಣ 112ಕ್ಕೆ ಫೋನ್ ಮಾಡಿ. ದುಡ್ಡಿನ ಚಿಂತೆ ಬೇಡ. ವಿಕಲಚೇತನರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಕರೆ ಮಾಡಿ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ (ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ) ನೇರವಾಗಿಯೂ ಹೋಗಬಹುದು. ತಮ್ಮನ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಜೊತೆಗಿರಲಿ.