ಸಹಾಯ ಬೇಕು: ಟಿಪ್ಪರ್, ಮಿನಿ ಲಾರಿ ಚಾಲಕರ ಬಿಪಿ-ಶುಗರ್ ತಪಾಸಣೆಗೆ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ, ತೀರ್ಥಹಳ್ಳಿ ಕಡೆ ಜಲ್ಲಿ, ಅಡಿಕೆ ಲೋಡ್ ಹೊಡೆಯುವ ಚಾಲಕರಿಗೆ ಭಾನುವಾರ ಬೆಳಿಗ್ಗೆ ಲಾರಿ ಸ್ಟ್ಯಾಂಡಿನಲ್ಲೇ ತಪಾಸಣೆ ಇಟ್ಟುಕೊಂಡಿದ್ದೇವೆ. ಟ್ರಿಪ್ ಲೆಕ್ಕದ ದುಡಿಮೆ. ಆಸ್ಪತ್ರೆಗೆ ಹೋದರೆ ಒಂದು ಟ್ರಿಪ್ ಹೋಯಿತು. ದಾರಿಯಲ್ಲಿ ಗಾಡಿ ನಿಲ್ಲಿಸಬೇಕಾಗುತ್ತೆ ಅಂತ ನೀರನ್ನೂ ಕುಡಿಯಲ್ಲ. ಕಿಡ್ನಿ ಕಲ್ಲಾಗುವುದಕ್ಕೆ ಇಷ್ಟು ಸಾಕು.

2 ಡಿಜಿಟಲ್ ಬಿಪಿ ಮಿಷನ್ ಬೇಕು, ಒಂದಕ್ಕಾದರೂ ದೊಡ್ಡ ಪಟ್ಟಿ ಇರಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತೆ. ಟೀ, ಬೀಡಿ ಆಗಿ ಅರ್ಧ ಗಂಟೆ ಬಿಟ್ಟು, 5 ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು ಎರಡು ಸಲ ನೋಡಬೇಕು. ಹಾಗಾಗಿ ಬೆನ್ನಿರುವ 10 ಕುರ್ಚಿಯೂ ಬೇಕು. ಶುಗರ್‌ಗೆ 100 ಸ್ಟ್ರಿಪ್, ಅಷ್ಟೇ ಸೂಜಿ. ಒಬ್ಬರಿಗೆ ಚುಚ್ಚಿದ್ದು ಇನ್ನೊಬ್ಬರಿಗೆ ಖಂಡಿತ ಬೇಡ.

ಎಲ್ಲಕ್ಕಿಂತ ಮುಖ್ಯವಾಗಿ ಒಬ್ಬ ಫಿಸಿಯೋಥೆರಪಿಸ್ಟ್ ಬೇಕು. ಸೀಟಿನ ಫೋಮ್ ಕುಸಿದು ಕಬ್ಬಿಣ ತಾಗುತ್ತಿರುತ್ತೆ, ಹಿಂದಿನ ಜೇಬಿನಲ್ಲಿ ದಪ್ಪ ಪರ್ಸು, ಸೊಂಟ ಓರೆ. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು ಅನ್ನುವುದನ್ನು ಅವರವರ ಗಾಡಿಯಲ್ಲೇ ಕೂರಿಸಿ ತೋರಿಸುವವರು ಸಿಕ್ಕರೆ ದೊಡ್ಡ ಉಪಕಾರ. ಯಾರು ಏನು ಕೊಡಬಹುದು, ಶುಕ್ರವಾರದೊಳಗೆ ತಿಳಿಸಿ.